ಕಳೆ ಕೀಳಲು ಆಳಿಲ್ಲದ ಹೊಲ ಕಲಿಸಿದ ಪಾಠ

ಸಂಶೋಧನೆ ಶುರು ಮಾಡಲು ದುಡ್ಡು ಹೇಗೋ ಹುಟ್ಟುತ್ತದೆ. ಕಷ್ಟ ಬರುವುದು ಅದನ್ನು ವರ್ಷಾನುಗಟ್ಟಲೆ ನಡೆಸುವಾಗ. ಕೂಲಿ ಏರುತ್ತದೆ, ಕಟ್ಟಡದ ರಿಪೇರಿ ಬರುತ್ತದೆ, ಬರುವ ಹಣ ಮಾತ್ರ ಇದ್ದಷ್ಟೇ ಇರುತ್ತದೆ. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನ ಒಂದು ಗೋಧಿ ಹೊಲ ಇದನ್ನೆಲ್ಲ ಕಂಡಿದೆ.

1843ರಲ್ಲಿ ಜಾನ್ ಬೆನೆಟ್ ಲಾವ್ಸ್ ಎಂಬ ಜಮೀನುದಾರರು ತಮ್ಮ ಬ್ರಾಡ್‌ಬಾಕ್ ಹೊಲದಲ್ಲಿ ಪ್ರಯೋಗ ಆರಂಭಿಸಿದರು. ಒಂದು ಪಟ್ಟಿಗೆ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ರಾಸಾಯನಿಕ ಗೊಬ್ಬರ, ಒಂದಕ್ಕೆ ಏನೂ ಇಲ್ಲ. ಜೊತೆಗಿದ್ದವರು ರಸಾಯನಶಾಸ್ತ್ರಜ್ಞ ಹೆನ್ರಿ ಗಿಲ್ಬರ್ಟ್. ಖರ್ಚನ್ನು ಲಾವ್ಸ್ ತಮ್ಮ ಸೂಪರ್ ಫಾಸ್ಫೇಟ್ ವ್ಯಾಪಾರದ ಸಂಪಾದನೆಯಿಂದ ನೋಡಿಕೊಂಡರು. 1889ರಲ್ಲಿ 1 ಲಕ್ಷ ಪೌಂಡ್ ಇಡುಗಂಟು ಇಟ್ಟು ಟ್ರಸ್ಟ್ ಮಾಡಿದರು. 1900ರಲ್ಲಿ ತೀರಿಕೊಂಡರು.

ಆಮೇಲೆ ಬಿಗಿ ಶುರುವಾಯಿತು. ಕೆಲಸ ಬೆಳೆಯಿತು, ಇಡುಗಂಟಿನ ಆದಾಯ ಸಾಲದಾಯಿತು. ಸರ್ಕಾರದ ಅನುದಾನ ಬಂದಿದ್ದು ಹತ್ತು ವರ್ಷದ ಮೇಲೆ. ಮೊದಲ ಮಹಾಯುದ್ಧದಲ್ಲಿ ಕೈಯಲ್ಲಿ ಕಳೆ ಕೀಳುವ ಆಳುಗಳೇ ಸಿಗಲಿಲ್ಲ. ಹೊಲವೆಲ್ಲ ಕಳೆ. ಪ್ರಯೋಗವನ್ನೇ ನಿಲ್ಲಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. 1920ರ ದಶಕದಲ್ಲಿ ಹೊಲವನ್ನು ಐದು ಭಾಗ ಮಾಡಿ, ಸರದಿಯಂತೆ ಬೀಳು ಬಿಟ್ಟು ಕಳೆ ಹತೋಟಿಗೆ ತಂದರು. ನಮ್ಮ ಹಿರಿಯರಿಗೂ ಗೊತ್ತಿದ್ದ ಉಪಾಯವೇ ಅದು.

1919ರಲ್ಲಿ ರೊನಾಲ್ಡ್ ಫಿಶರ್ ಎಂಬ ಗಣಿತಜ್ಞರನ್ನು ತಾತ್ಕಾಲಿಕವಾಗಿ ನೇಮಿಸಿಕೊಂಡರು. ಅವರ ಮುಂದಿದ್ದದ್ದು 70 ವರ್ಷಕ್ಕೂ ಮೀರಿದ ಮಳೆ, ಗೊಬ್ಬರ, ಇಳುವರಿಯ ಲೆಕ್ಕ. ಹಳೆಯ ಪುಸ್ತಕಗಳಿಂದಲೇ ಹೊಸ ವಿದ್ಯೆ ಹೊರಟಿತು. ತಾಕುಗಳನ್ನು ಚೀಟಿ ಎತ್ತಿದ ಹಾಗೆ ಹಂಚುವುದು, ಅದೇ ಪ್ರಯೋಗವನ್ನು ಹಲವು ತಾಕುಗಳಲ್ಲಿ ಮಾಡಿ ನೋಡುವುದು, ಒಂದೇ ಹೊಲದಲ್ಲಿ ಬೀಜ, ಗೊಬ್ಬರ ಎರಡನ್ನೂ ಒಟ್ಟಿಗೆ ಪರೀಕ್ಷಿಸುವುದು. ಅದೇ ನೆಲ, ಅದೇ ಖರ್ಚು, ಉತ್ತರ ಮಾತ್ರ ಹೆಚ್ಚು. ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಬೋರ್ಡು ನೆಟ್ಟ ಸಣ್ಣ ಸಣ್ಣ ತಾಕುಗಳನ್ನು ನೋಡಿದ್ದೀರಲ್ಲ, ಅವುಗಳ ಹಿಂದಿರುವ ಲೆಕ್ಕ ಇದೇ.

ಇನ್ನೊಂದು ಕೆಲಸವನ್ನೂ ಅವರು ಬಿಡಲಿಲ್ಲ. ಕಾಳು, ಹುಲ್ಲು, ಮಣ್ಣಿನ ಮಾದರಿಗಳನ್ನು ಕಟ್ಟಿ ಇಡುತ್ತಾ ಬಂದರು. ಯಾತಕ್ಕೆ ಬೇಕಾಗುತ್ತದೋ ಆಗ ಯಾರಿಗೂ ತಿಳಿದಿರಲಿಲ್ಲ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಹಳೆಯ ಗೋಧಿಯಲ್ಲಿ ಉಳಿದಿದ್ದ ರೋಗಾಣುಗಳ ಡಿಎನ್‌ಎ ಹುಡುಕಿತು. ಗಾಳಿಯಲ್ಲಿನ ಗಂಧಕದ ಹೊಗೆ ಹೆಚ್ಚುಕಡಿಮೆಯಾದಂತೆ ಎಲೆರೋಗಗಳೂ ಬದಲಾಗಿದ್ದನ್ನು ಅದು ತೋರಿಸಿತು.

ಬಜೆಟ್ ಕಡಿತವಾದಾಗ ಮೊದಲು ನಿಲ್ಲುವುದು ಸಾಮಾನ್ಯವಾಗಿ ಇಂಥ ಸದ್ದಿಲ್ಲದ ಕೆಲಸಗಳೇ: ಮಳೆ ಬರೆದಿಡುವುದು, ಮಾದರಿ ಇಡುವುದು, ದಾಖಲೆ ಕಾಯುವುದು. ಕಟ್ಟಡವನ್ನು ಮುಂದಿನ ವರ್ಷ ಕಟ್ಟಿಕೊಳ್ಳಬಹುದು. ಬರೆಯದೆ ಬಿಟ್ಟ ಈ ವರ್ಷದ ಮಳೆಯನ್ನು ಎಷ್ಟು ದುಡ್ಡು ಕೊಟ್ಟರೂ ಆಮೇಲೆ ಅಳೆಯಲಾಗದು.