ಇಂಜೆಕ್ಷನ್ ತೆಗೆದು ಕಾರ್ಬ್ಯುರೇಟರ್ ಹಾಕಿಸಿದರೆ ಮೈಲೇಜ್ ಹೆಚ್ಚುತ್ತದೆಯೇ?

ಇಲ್ಲ. ಕಾರ್ಬ್ಯುರೇಟರ್‌ನಲ್ಲಿ ಗಾಳಿಯ ಸೆಳೆತಕ್ಕೆ ಜೆಟ್‌ನಿಂದ ಪೆಟ್ರೋಲ್ ಬರುತ್ತದೆ; ಅಳತೆ ಆ ತೂತಿನದೇ. ಬಳ್ಳಾರಿಯಲ್ಲಿ ಟ್ಯೂನ್ ಮಾಡಿಸಿದ ಕಾರು 2,200 ಮೀಟರ್ ಎತ್ತರದ ಊಟಿ ಹತ್ತಿದರೆ, ಅಲ್ಲಿನ ತೆಳು ಗಾಳಿಗೆ ಪೆಟ್ರೋಲ್ ಹೆಚ್ಚಾಗಿ ಕಪ್ಪು ಹೊಗೆ ಬರಬಹುದು. ಇಂಜೆಕ್ಷನ್‌ನಲ್ಲಿ ಇಸಿಯು ಸೆನ್ಸರ್ ನೋಡಿಕೊಂಡು, ಒಂದು ಗ್ರಾಂ ಪೆಟ್ರೋಲ್‌ಗೆ ಸುಮಾರು 14.7 ಗ್ರಾಂ ಗಾಳಿಯ ಲೆಕ್ಕದ ಆಸುಪಾಸಿನಲ್ಲೇ ಇಂಜಿನ್ ಓಡಿಸುತ್ತದೆ.

ಹಾಗಂತ ಕಾರ್ಬ್ಯುರೇಟರ್ ದಂಡವೇನಲ್ಲ. ಕೆಟ್ಟರೆ ಪಾರ್ವತಿನಗರದ ಮೆಕ್ಯಾನಿಕ್ ಬಿಚ್ಚಿ ತೊಳೆದು ಕೊಡಬಲ್ಲ, ಲ್ಯಾಪ್‌ಟಾಪ್ ಬೇಡ. ಹಳೆ ಕಾರಿನಲ್ಲಿ ಅದೇ ಇದ್ದರೆ ಇರಲಿ.

ಫಾರ್ವರ್ಡ್‌ಗಳು ಹೇಳದ ಅಪಾಯ ಬೇರೆಯೇ ಇದೆ. ಹಳೆ ಕಾರಿಗೆ ಇಂಜೆಕ್ಷನ್ ಕೂರಿಸುವವರು ಪೆಟ್ರೋಲ್ ಪೈಪನ್ನೂ ಬದಲಿಸಲೇಬೇಕು. ಇಂಜೆಕ್ಷನ್ ಪಂಪ್‌ನ ಒತ್ತಡ ಸಾಮಾನ್ಯವಾಗಿ 3 ಬಾರ್ ಆಸುಪಾಸು; ಕಾರ್ಬ್ಯುರೇಟರ್‌ಗೆ ಅರ್ಧ ಬಾರ್ ಕೂಡ ಬೇಡ. ಹಳೆ ರಬ್ಬರ್ ಪೈಪ್ ಸೀಳಿದರೆ ಪೆಟ್ರೋಲ್ ಚಿಮ್ಮುವುದು ಬಿಸಿ ಇಂಜಿನ್ ಮೇಲೆ.