ಕಿನ್ನಾಳಕ್ಕೆ ಎಷ್ಟು ದೂರ? ಅಥವಾ ಹದಿನಾರರ ಕಥೆ

ಹೋದ ತಿಂಗಳು ಗೊಂಬೆ ತರೋಣ ಅಂತ ಕಿನ್ನಾಳಕ್ಕೆ ಹೋಗಿದ್ದೆ. ಕೊಪ್ಪಳ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಚಹಾದಂಗಡಿಯವರನ್ನು ಕೇಳಿದೆ.

"ಅಣ್ಣಾರ, ಕಿನ್ನಾಳಕ್ಕ ಹ್ಯಾಂಗ ಹೋಗ್ಬೇಕ್ರೀ?"

"ಇಲ್ಲೇ ಐತಲ್ರೀ, ದೂರೇನಿಲ್ಲ. ಆ ಕಡೆ ನಿಂತೈತಲ್ಲ, ಆ ಬಸ್ ಹತ್ರಿ."

ಅವರು ನಕಾಶೆ ಬಿಡಿಸಿ ತೋರಿಸಲಿಲ್ಲ. ಹೇಳಿದ್ದು ಎರಡೇ ಮಾತು: ಎಷ್ಟು ದೂರ, ಯಾವ ಕಡೆ. ಬಸ್ಸಲ್ಲಿ ಕೂತ ಮೇಲೆ ನನಗೆ ನಗು ಬಂತು. ಡಿಸ್ಟನ್ಸ್ ವೆಕ್ಟರ್ ರೌಟಿಂಗ್ ಅಂದ್ರೆ ಇಷ್ಟೇ ಅಲ್ವಾ! ಡಿಸ್ಟನ್ಸ್ ಅಂದ್ರೆ ದೂರ, ವೆಕ್ಟರ್ ಅಂದ್ರೆ ದಿಕ್ಕು. ರೌಟರಿಗೆ ಪೂರ್ತಿ ನೆಟ್‌ವರ್ಕಿನ ನಕಾಶೆ ಗೊತ್ತಿರಲ್ಲ. ಪಕ್ಕದ ರೌಟರು ಹೇಳಿದ್ದನ್ನು ನಂಬಿ, ಅದಕ್ಕೆ ತನ್ನದೊಂದು ಸೇರಿಸಿ, ಮುಂದಿನವರಿಗೆ ಹೇಳುತ್ತೆ. ಒಂಥರಾ ಕಟ್ಟೆ ಮೇಲಿನ ಸುದ್ದಿ.

ಇದರ ಹಿಂದಿನ ಗಣಿತ ಕಂಪ್ಯೂಟರ್ ನೆಟ್‌ವರ್ಕಿಗಿಂತ ಹಳೆಯದು. ಲೆಸ್ಟರ್ ಫೋರ್ಡ್ 1956ರಲ್ಲಿ, ರಿಚರ್ಡ್ ಬೆಲ್‌ಮನ್ 1958ರಲ್ಲಿ ಇದನ್ನು ಬರೆದರು. ಬೆಲ್‌ಮನ್ ಎತ್ತಿಕೊಂಡ ಪ್ರಶ್ನೆಯಲ್ಲಿ ಇದ್ದದ್ದು ಊರುಗಳು ಮತ್ತು ರಸ್ತೆಗಳು: ಒಂದೂರಿಂದ ಇನ್ನೊಂದೂರಿಗೆ ಬೇಗ ತಲುಪುವ ದಾರಿ ಯಾವುದು? ವಿ.ಟಿ.ಯು.ನಲ್ಲಿ 2015ರ ಸ್ಕೀಮ್ ಓದಿದವರಿಗೆ ಐದನೇ ಸೆಮಿಸ್ಟರಿನ ನೆಟ್‌ವರ್ಕ್ ಲ್ಯಾಬ್ ನೆನಪಿರಬೇಕು. ಬೆಲ್‌ಮನ್-ಫೋರ್ಡ್ ಪ್ರೋಗ್ರಾಮನ್ನು ಜಾವಾದಲ್ಲಿ ಬರೆಯಬೇಕಿತ್ತು. ದಾರಿಯೇ ಇಲ್ಲದ ಕಡೆ 999 ಅಂತ ಹಾಕುತ್ತಿದ್ದೆವು. 999 ಅಂದ್ರೆ ಅನಂತ! ಯಾಕೆ ಅಂತ ನಾನೂ ಕೇಳಲಿಲ್ಲ, ವೈವಾದಲ್ಲೂ ಯಾರೂ ಕೇಳಲಿಲ್ಲ :-)

1969ರಲ್ಲಿ ಅಮೆರಿಕದ ಆರ್ಪಾನೆಟ್ ಶುರುವಾದಾಗ ಅದರ ಮೊದಲ ರೌಟಿಂಗ್ ಇದೇ ರೀತಿಯದು. ಸೆಕೆಂಡಿನ ಮೂರನೇ ಎರಡು ಭಾಗಕ್ಕೊಮ್ಮೆ ಯಂತ್ರಗಳು ತಂತಮ್ಮ ಪಟ್ಟಿಯನ್ನು ಪಕ್ಕದವರ ಜೊತೆ ಹಂಚಿಕೊಳ್ಳುತ್ತಿದ್ದವು. 1970ರ ದಶಕದಲ್ಲಿ ಒಂದು ಸಲ ಹಾರ್ವರ್ಡ್‌ನಲ್ಲಿದ್ದ ಯಂತ್ರದ ಮೆಮೊರಿ ಕೆಟ್ಟು, ಅದರ ಪಟ್ಟಿಯೆಲ್ಲ ಸೊನ್ನೆ ಆಗಿಬಿಟ್ಟಿತು. ಅಂದರೆ "ಎಲ್ಲಾ ಊರೂ ನನ್ನಿಂದ ಸೊನ್ನೆ ದೂರ" ಅಂತ ಸಾರಿದ ಹಾಗಾಯಿತು. ಪಕ್ಕದವರು ನಂಬಿದರು, ಅವರ ಪಕ್ಕದವರೂ ನಂಬಿದರು. ಎಲ್ಲೆಲ್ಲಿಗೋ ಹೋಗಬೇಕಿದ್ದ ಸಂದೇಶಗಳು ಹಾರ್ವರ್ಡ್ ಕಡೆ ಓಡಿ ಅಲ್ಲೇ ಕಳೆದುಹೋದವು. ಕೊನೆಗೆ 1979ರಲ್ಲಿ ಆರ್ಪಾನೆಟ್ ಈ ಪದ್ಧತಿಯನ್ನೇ ಬಿಟ್ಟು, ಪ್ರತಿ ಯಂತ್ರವೂ ಪೂರ್ತಿ ನಕಾಶೆ ಇಟ್ಟುಕೊಳ್ಳುವ ಪದ್ಧತಿಗೆ ಹೋಯಿತು.

ಆದರೆ ಸರಳವಾದದ್ದು ಅಷ್ಟು ಬೇಗ ಸಾಯಲ್ಲ ನೋಡಿ. ಜೆರಾಕ್ಸ್ ಕಂಪನಿಯ ಪಾರ್ಕ್ ಲ್ಯಾಬಿನಲ್ಲಿ ಬೆಳೆದ ಇದೇ ವಿಚಾರ, ಬರ್ಕ್ಲಿಯ ಬಿ.ಎಸ್.ಡಿ. ಯುನಿಕ್ಸ್‌ನಲ್ಲಿ 'ರೌಟೆಡ್' ಅನ್ನೋ ಪ್ರೋಗ್ರಾಮ್ ಆಗಿ 1983ರಲ್ಲಿ ಹೊರಬಂತು. ಯುನಿಕ್ಸ್ ಜೊತೆ ಪುಕ್ಕಟೆ ಬರುತ್ತಿತ್ತು, ಎಲ್ಲರೂ ಬಳಸಿದರು. ನಿಯಮ ಬರೆದದ್ದು ಆಮೇಲೆ! ರಟ್ಗರ್ಸ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೆಡ್ರಿಕ್ 1988ರ ಜೂನಿನಲ್ಲಿ ಆರ್.ಎಫ್.ಸಿ. 1058 ಬರೆದು, ಆಗಲೇ ಓಡುತ್ತಿದ್ದ ಈ ರಿಪ್ ಪ್ರೋಟೊಕಾಲನ್ನು ದಾಖಲೆ ಮಾಡಿದರು. ಅದರಲ್ಲಿ ಅನಂತ ಅಂದ್ರೆ 999 ಅಲ್ಲ, ಬರೀ 16.

ಯಾಕೆ ಹದಿನಾರು? ಕಿನ್ನಾಳಕ್ಕೇ ವಾಪಸ್ ಹೋಗೋಣ. ಕೊಪ್ಪಳದಲ್ಲಿ ಒಂದು ರೌಟರು, ಗಂಗಾವತಿಯಲ್ಲಿ ಒಂದು ಅಂದ್ಕೊಳ್ಳಿ. ಕಿನ್ನಾಳದ ನೆಟ್‌ವರ್ಕು ಕೊಪ್ಪಳಕ್ಕೆ ಅಂಟಿಕೊಂಡಿದೆ, ದೂರ 1. ಗಂಗಾವತಿಗೆ ಅದು 2, ಕೊಪ್ಪಳದ ಮೂಲಕ. ಒಂದಿನ ಕಿನ್ನಾಳದ ಲೈನು ಕಟ್ಟಾಯಿತು. ಅಷ್ಟರಲ್ಲಿ ಗಂಗಾವತಿ, "ಕಿನ್ನಾಳ ನನ್ನಿಂದ 2 ದೂರ" ಅನ್ನುತ್ತೆ. ಆ ದಾರಿ ತನ್ನ ಮೂಲಕವೇ ಇರೋದು ಅಂತ ಕೊಪ್ಪಳಕ್ಕೆ ಗೊತ್ತಿಲ್ಲ. ಸರಿ, ಹಾಗಾದ್ರೆ ನನಗೆ 3 ಅಂತ ಬರೆದುಕೊಳ್ಳುತ್ತೆ. ಗಂಗಾವತಿ 4 ಅನ್ನುತ್ತೆ, ಕೊಪ್ಪಳ 5... ಇಬ್ಬರೂ ಒಬ್ಬರನ್ನೊಬ್ಬರು ನಂಬಿ, ಇಲ್ಲದ ದಾರಿಯ ದೂರ ಎಣಿಸುತ್ತಾ ಕೂರುತ್ತಾರೆ. ರಿಪ್‌ನಲ್ಲಿ ಪಟ್ಟಿ ಕಳಿಸೋದು 30 ಸೆಕೆಂಡಿಗೊಮ್ಮೆ. ಎಲ್ಲೋ ಒಂದು ಕಡೆ ಎಣಿಕೆ ನಿಲ್ಲಬೇಕಲ್ಲ? 16 ಮುಟ್ಟಿದರೆ ದಾರಿ ಸತ್ತಿದೆ ಅಂತ ತಿಳಿ ಅಂದರು. ಅದಕ್ಕೇ ರಿಪ್ ನೆಟ್‌ವರ್ಕಿನಲ್ಲಿ 15ಕ್ಕಿಂತ ದೂರದ ಊರು ಇಲ್ಲವೇ ಇಲ್ಲ!

ಇದಕ್ಕೆ ಇನ್ನೊಂದು ಮದ್ದೂ ಇದೆ, ಸ್ಪ್ಲಿಟ್ ಹೊರೈಜನ್ ಅಂತ. ಯಾರಿಂದ ಸುದ್ದಿ ಕೇಳಿದೆಯೋ ಅವರಿಗೇ ಅದನ್ನು ವಾಪಸ್ ಹೇಳಬೇಡ, ಅಷ್ಟೇ. ಇಬ್ಬರ ನಡುವೆ ಇದು ಸಾಕು. ಆದರೆ ಯಲಬುರ್ಗಾ, ಕುಷ್ಟಗಿಯೂ ಸೇರಿ ಸುತ್ತು ಹಾಕಿಕೊಂಡರೆ ಸುದ್ದಿ ಬೇರೆಯವರ ಬಾಯಿಂದ ತಿರುಗಿ ಬಂದೇ ಬರುತ್ತೆ.

ಇಷ್ಟೆಲ್ಲ ಓದಿಕೊಂಡಿದ್ದೂ ನಾನು ಎಡವಿದೆ. ಮೊದಲ ಕೆಲಸದಲ್ಲಿದ್ದಾಗ ಎರಡು ಬ್ರ್ಯಾಂಚುಗಳನ್ನು ಹೆಡ್ಡಾಫೀಸಿಗೆ ಜೋಡಿಸಬೇಕಿತ್ತು. ಒಂದು 10.1.1.0, ಇನ್ನೊಂದು 10.1.2.0, ನಡುವಿನ ಲೈನುಗಳು 192.168ರಲ್ಲಿ. 'ರೌಟರ್ ರಿಪ್' ಅಂತ ಹೊಡೆದೆ, 'ನೆಟ್‌ವರ್ಕ್' ಸಾಲುಗಳನ್ನು ಹಾಕಿದೆ, ಮನೆಗೆ ಹೋದೆ. ತಿಂಗಳ ಕೊನೆ. ಮಾರನೇ ದಿನ ಬ್ರ್ಯಾಂಚಿಂದ ಸಂಬಳದ ಫೈಲು ಬರ್ತಾ ಇಲ್ಲ ಅಂತ ಫೋನು. ಹೆಡ್ಡಾಫೀಸಿನ ರೌಟರಿನಿಂದ ಪಿಂಗ್ ಮಾಡಿದರೆ ಒಂದು ಹೋಗುತ್ತೆ, ಒಂದು ಹೋಗಲ್ಲ. ಲೈನು ಕೊಟ್ಟವರದ್ದೇ ತಪ್ಪು ಅಂತ ಅವರ ಮೇಲೆ ಕೂಗಾಡಿದೆ. ಪಾಪ, ಅವರ ಹುಡುಗ ಬಿಸಿಲಲ್ಲಿ ಎರಡು ಸಲ ಬಂದು ಲೈನು ನೋಡಿ ಹೋದ.

ತಪ್ಪು ನನ್ನದು. ರಿಪ್ ಮೊದಲನೇ ಆವೃತ್ತಿ ವಿಳಾಸದ ಜೊತೆ ಸಬ್‌ನೆಟ್ ಮಾಸ್ಕ್ ಕಳಿಸಲ್ಲ. ಕಾಗದದ ಮೇಲೆ ಊರಿನ ಹೆಸರು ಬಿಟ್ಟು ಬರೀ 'ಕೊಪ್ಪಳ ಜಿಲ್ಲೆ' ಅಂತ ಬರೆದ ಹಾಗೆ. ಎರಡೂ ಬ್ರ್ಯಾಂಚು "10.0.0.0 ನನ್ನ ಹತ್ರ ಇದೆ" ಅಂದವು. ನಡುವಿನ ರೌಟರು ಇಬ್ಬರನ್ನೂ ನಂಬಿ ಅರ್ಧರ್ಧ ಹಂಚಿತು. ಕಿನ್ನಾಳದ ಕಾಗದ ಕುಷ್ಟಗಿಗೆ ಹೋಯಿತು!

ಇದನ್ನು ಸರಿಮಾಡಲೆಂದೇ ಗ್ಯಾರಿ ಮಾಲ್ಕಿನ್ 1993ರಲ್ಲಿ ಎರಡನೇ ಆವೃತ್ತಿ ತಂದರು. ಅದರ ಈಗಿನ ರೂಪ ಆರ್.ಎಫ್.ಸಿ. 2453 ಬಂದದ್ದು 1998ರಲ್ಲಿ, ನಮ್ಮ ವಿ.ಟಿ.ಯು. ಹುಟ್ಟಿದ ವರ್ಷ. ಅದರಲ್ಲಿ ಮಾಸ್ಕ್ ಹೋಗುತ್ತೆ, ಬೇಕಿದ್ದರೆ ಪಕ್ಕದವರ ಗುರುತು ಕೇಳೋಕೆ ಪಾಸ್‌ವರ್ಡೂ ಹಾಕಬಹುದು. ನಾನು ಸೇರಿಸಬೇಕಿದ್ದದ್ದು ಎರಡೇ ಸಾಲು: 'ವರ್ಷನ್ 2', 'ನೋ ಆಟೋ-ಸಮ್ಮರಿ'. ಸಿಸ್ಕೋ ರೌಟರಿನಲ್ಲಿ ಎರಡನೇ ಸಾಲು ಮರೆತರೆ ಎರಡನೇ ಆವೃತ್ತಿಯೂ ಊರಿನ ಹೆಸರು ನುಂಗುತ್ತೆ, ಹುಷಾರು. ಸಂಜೆಗೆ ಫೈಲು ಬಂತು. ಆ ಹುಡುಗನಿಗೆ ಫೋನ್ ಮಾಡಿ ಸಾರಿ ಕೇಳಿದೆ. "ಇರ್ಲಿ ಬಿಡಿ ಸಾರ್" ಅಂದ.

ಈಗ ದೊಡ್ಡ ಆಫೀಸುಗಳಲ್ಲಿ ರಿಪ್ ಕಾಣೋದು ಅಪರೂಪ. ಆದರೆ ಪಕ್ಕದವರ ಮಾತು ನಂಬಿ ನಡೆಯೋದು ಹೋಗಿಲ್ಲ. ಇಡೀ ಇಂಟರ್‌ನೆಟ್ಟನ್ನು ಜೋಡಿಸಿರುವ ಬಿ.ಜಿ.ಪಿ. ಇದೇ ವಂಶದ್ದು, ಬರೀ ದೂರ ಹೇಳದೆ ಯಾರ್ಯಾರನ್ನು ದಾಟಿ ಬಂದೆ ಅಂತ ಪೂರ್ತಿ ದಾರಿಯನ್ನೇ ಹೇಳುತ್ತೆ, ಹಾಗಾಗಿ ಸುತ್ತು ಬಿದ್ದರೆ ತಿಳಿಯುತ್ತೆ. ಸುಳ್ಳು ಹೇಳಿದರೆ? 2008ರ ಫೆಬ್ರವರಿ 24ರಂದು ಪಾಕಿಸ್ತಾನ ತನ್ನೊಳಗೆ ಯೂಟ್ಯೂಬ್ ತಡೆಯಲು ಹಾಕಿದ ದಾರಿ ಹೊರಗೂ ಹಬ್ಬಿ, ಸುಮಾರು ಎರಡು ಗಂಟೆ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸಿಗಲಿಲ್ಲ. ಹಾರ್ವರ್ಡ್ ಕಥೆಯೇ ಮತ್ತೆ.

ಅಂದಹಾಗೆ, ಆ ಚಹಾದಂಗಡಿಯವರ ಮಾತು ಸುಳ್ಳಾಗಲಿಲ್ಲ. ಅವರು ತೋರಿಸಿದ ಬಸ್ಸೇ ಕಿನ್ನಾಳಕ್ಕೆ ಮುಟ್ಟಿಸಿತು. ಬಣ್ಣದ ಗೊಂಬೆ ಈಗ ನನ್ನ ಮೇಜಿನ ಮೇಲೆ, ಹಳೇ ರೌಟರಿನ ಪಕ್ಕ ಕೂತಿದೆ. ಯಾರನ್ನಾದರೂ ಬೈಯೋ ಮೊದಲು ಅದನ್ನೊಮ್ಮೆ ನೋಡ್ತೀನಿ, ನನ್ನ ಕಾನ್ಫಿಗರೇಷನ್ನೂ ಒಮ್ಮೆ ನೋಡ್ತೀನಿ.

ನಿಮಗೂ ಹೀಗೆ ನಂಬಿ ಕೆಟ್ಟ, ಇಲ್ಲಾ ನಂಬದೆ ಕೆಟ್ಟ ಕಥೆ ಇದ್ದರೆ ಹೇಳಿ...