ನೆರೆಯವರ ಜಿದ್ದು: ಅಮೆರಿಕದ ಕಾಲೇಜು ಫುಟ್‌ಬಾಲಿನ ಒಂದೂವರೆ ಶತಮಾನ

ಅಮೆರಿಕದ ಕಾಲೇಜು ಫುಟ್‌ಬಾಲಿನ ಮೊದಲ ಪಂದ್ಯವೇ ನೆರೆಹೊರೆಯವರದು. 1869ರ ನವೆಂಬರ್ 6ರಂದು ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್ ಊರಿನಲ್ಲಿ ರಟ್ಗರ್ಸ್ ಕಾಲೇಜಿನ ಹುಡುಗರು ಹತ್ತಿರದ ಪ್ರಿನ್ಸ್‌ಟನ್ ತಂಡವನ್ನು 6–4ರಿಂದ ಸೋಲಿಸಿದರು. ಒಂದೊಂದು ಕಡೆ 25 ಆಟಗಾರರು. ಚೆಂಡನ್ನು ಕೈಯಲ್ಲಿ ಹಿಡಿದು ಓಡುವಂತಿರಲಿಲ್ಲ. ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ನುಗ್ಗುವ ಇಂದಿನ ಆಟ ರೂಪುಗೊಂಡದ್ದು ಆಮೇಲೆ. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಸಿಕ್ಕಿದ್ದು 1906ರಲ್ಲಿ. ಆಟದ ನಿಯಮಗಳು ಬದಲಾಗುತ್ತಲೇ ಇದ್ದವು, ಜಿದ್ದು ಮಾತ್ರ ಹಾಗೇ ಉಳಿಯಿತು.

1875ರಲ್ಲಿ ಹಾರ್ವರ್ಡ್ ಮತ್ತು ಯೇಲ್, 1884ರಲ್ಲಿ ಪೆನ್ಸಿಲ್ವೇನಿಯಾದ ಲಫಾಯೆಟ್ ಮತ್ತು ಲೀಹೈ, 1892ರಲ್ಲಿ ಕ್ಯಾಲಿಫೋರ್ನಿಯಾ ಮತ್ತು ಸ್ಟ್ಯಾನ್‌ಫರ್ಡ್ ಎದುರುಬದುರಾದವು. ರೈಲಿನಲ್ಲಿ ಹೋಗಿ ಆಡಿ ಬರುವಷ್ಟು ದೂರದಲ್ಲಿದ್ದವರೇ ಎದುರಾಳಿಗಳಾಗುತ್ತಿದ್ದ ಕಾಲವದು.

ದಕ್ಷಿಣ ಮತ್ತು ಪಶ್ಚಿಮದ ರಾಜ್ಯಗಳಲ್ಲಿ ಈ ಜಿದ್ದಿಗೆ ಇನ್ನೂ ಆಳವಾದ ಬೇರಿದೆ. ಅಧ್ಯಕ್ಷ ಲಿಂಕನ್ 1862ರಲ್ಲಿ ಸಹಿ ಹಾಕಿದ ಮೊರಿಲ್ ಕಾಯ್ದೆಯ ನೆರವಿನಿಂದ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜುಗಳು ಎದ್ದು ನಿಂತವು. ಹೀಗೆ ಹಲವು ರಾಜ್ಯಗಳಲ್ಲಿ ಒಂದಲ್ಲ, ಎರಡು ದೊಡ್ಡ ಸರ್ಕಾರಿ ವಿದ್ಯಾಸಂಸ್ಥೆಗಳಾದವು. ಒಂದರಲ್ಲಿ ವಕೀಲರ ಮಕ್ಕಳು, ಇನ್ನೊಂದರಲ್ಲಿ ರೈತರ ಮಕ್ಕಳು ಎಂಬ ಭಾವನೆ ಬೆಳೆಯಿತು. ಇಬ್ಬರೂ ಕೈಚಾಚುವುದು ಅದೇ ಶಾಸನಸಭೆಯ ಖಜಾನೆಗೆ. ಟೆಕ್ಸಸ್, ಓಕ್ಲಹೋಮಾ, ಆರೆಗಾನ್‌ಗಳ ಜಿದ್ದಿಗೆ ಮೈದಾನಕ್ಕಿಂತ ಈ ಪೈಪೋಟಿಯೇ ಮೂಲ ಎಂಬುದು ನನ್ನ ಎಣಿಕೆ.

ಇದು ಅತ್ಯಂತ ನಿಚ್ಚಳವಾಗಿ ಕಾಣುವುದು ಅಲಬಾಮಾದಲ್ಲಿ. ಅಲಬಾಮಾ ವಿಶ್ವವಿದ್ಯಾಲಯ ಮತ್ತು ಆಬರ್ನ್ ತಂಡಗಳು ಮೊದಲು ಸೆಣಸಿದ್ದು 1893ರಲ್ಲಿ. 1907ರ ಪಂದ್ಯ 6–6ರಲ್ಲಿ ಸಮನಾಯಿತು. ಮರುವರ್ಷದ ಮಾತುಕತೆಯಲ್ಲಿ ಆಟಗಾರರ ದಿನಭತ್ಯೆ ಎಷ್ಟು, ಅಂಪೈರ್ ಎಲ್ಲಿಯವನಾಗಬೇಕು ಎಂಬ ತಕರಾರು ಎದ್ದು, ಒಂದೇ ರಾಜ್ಯದ ಈ ತಂಡಗಳು 41 ವರ್ಷ ಪರಸ್ಪರ ಆಡಲೇ ಇಲ್ಲ. ಕೊನೆಗೆ ಶಾಸಕರೇ ಒತ್ತಾಯಿಸಬೇಕಾಯಿತು. 1948ರಲ್ಲಿ ಎರಡೂ ಕಡೆಯ ವಿದ್ಯಾರ್ಥಿ ನಾಯಕರು ಬರ್ಮಿಂಗ್‌ಹ್ಯಾಮ್‌ನ ಉದ್ಯಾನವೊಂದರಲ್ಲಿ ನಿಜವಾದ ಕೊಡಲಿಯನ್ನೇ ನೆಲದಲ್ಲಿ ಹೂತು ರಾಜಿಯಾದರು. ಆ ವರ್ಷದ ಪಂದ್ಯವನ್ನು ಅಲಬಾಮಾ 55–0ರಿಂದ ಗೆದ್ದಿತು. ಹಗೆ ಅಲ್ಲಿಗೇ ಮುಗಿಯಲಿಲ್ಲ. 2010ರಲ್ಲಿ ಆಬರ್ನ್ ಗೆದ್ದ ಬಳಿಕ ಅಲಬಾಮಾದ ಅಭಿಮಾನಿಯೊಬ್ಬ ಆಬರ್ನ್‌ನ ಟೂಮರ್ಸ್ ಕಾರ್ನರ್‌ನಲ್ಲಿದ್ದ ಹಳೆಯ ಓಕ್ ಮರಗಳ ಬುಡಕ್ಕೆ ವಿಷ ಸುರಿದ. ಮರಗಳು ಉಳಿಯಲಿಲ್ಲ. ಆಟದ ಅಭಿಮಾನ ಇಷ್ಟು ಕೆಳಗಿಳಿಯುವುದನ್ನು ಯಾರೂ ಸಮರ್ಥಿಸಲಾಗದು.

ಕಪ್ಪು ಜನರಿಗಾಗಿ ಇದ್ದ ಕಾಲೇಜುಗಳನ್ನು ಈ ಬಿಳಿಯರ ಪಂದ್ಯಾವಳಿಗಳು ದಶಕಗಳ ಕಾಲ ಹೊರಗಿಟ್ಟವು. ಅವು ತಮ್ಮದೇ ಪರಂಪರೆ ಕಟ್ಟಿಕೊಂಡವು: ಲೂಸಿಯಾನಾದಲ್ಲಿ ಗ್ರ್ಯಾಂಬ್ಲಿಂಗ್ ಮತ್ತು ಸದರ್ನ್, ಅಲಬಾಮಾದಲ್ಲಿ ಅಲಬಾಮಾ ಸ್ಟೇಟ್ ಮತ್ತು ಅಲಬಾಮಾ ಎ ಅಂಡ್ ಎಂ. ಈ ಚರಿತ್ರೆಯನ್ನು ಬರೆಯುವವರು ಅವುಗಳಿಗೆ ಇನ್ನೂ ಹೆಚ್ಚಿನ ಜಾಗ ಕೊಡಬೇಕು.

ಎಲ್ಲವನ್ನೂ ಬದಲಿಸಿದ್ದು 1984ರಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು. ಟಿವಿ ಪ್ರಸಾರದ ಮೇಲೆ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘಟನೆಗಿದ್ದ ಹಿಡಿತವನ್ನು ಅದು ಮುರಿಯಿತು. ಮೊಕದ್ದಮೆ ಹೂಡಿದವರಲ್ಲಿ ಓಕ್ಲಹೋಮಾ ವಿಶ್ವವಿದ್ಯಾಲಯವೂ ಇತ್ತು. ಆಮೇಲೆ ಹಕ್ಕುಗಳನ್ನು ಮಾರುವವರು ಕಾನ್ಫರೆನ್ಸ್ ಎಂಬ ಪ್ರಾದೇಶಿಕ ಒಕ್ಕೂಟಗಳಾದರು. ಹೆಚ್ಚು ಹಣ ತರುವ ಒಕ್ಕೂಟದ ಕಡೆಗೆ ಕಾಲೇಜುಗಳು ಹೊರಟವು. 2011ರ ನಂತರ ಟೆಕ್ಸಸ್ ಮತ್ತು ಟೆಕ್ಸಸ್ ಎ ಅಂಡ್ ಎಂ ನಡುವಿನ ಪಂದ್ಯ ನಿಂತೇಹೋಗಿ, ಮತ್ತೆ ನಡೆದದ್ದು 2024ರಲ್ಲಿ. ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ಈಗ ಅಟ್ಲಾಂಟಿಕ್ ತೀರದ ಒಕ್ಕೂಟದ ಸದಸ್ಯರು.

ಓಕ್ಲಹೋಮಾದ ನಷ್ಟ ನನ್ನನ್ನು ಹೆಚ್ಚು ನೋಯಿಸುತ್ತದೆ. 1904ರಲ್ಲಿ ಗತ್ರಿ ಊರಿನಲ್ಲಿ ಅಲ್ಲಿನ ಎರಡು ಕಾಲೇಜುಗಳು ಮೊದಲು ಆಡಿದಾಗ, ಒದ್ದ ಚೆಂಡು ಗಾಳಿಗೆ ಹಿಂದಕ್ಕೆ ಬಂದು, ಉರುಳಿ, ಕೊರೆಯುವ ಚಳಿಯ ಹಳ್ಳಕ್ಕೆ ಬಿತ್ತು. ಎರಡೂ ತಂಡದವರು ನೀರಿಗೆ ಧುಮುಕಿದರು. ಚೆಂಡು ಹಿಡಿದು ದಡ ಹತ್ತಿದ ಓಕ್ಲಹೋಮಾ ವಿಶ್ವವಿದ್ಯಾಲಯದ ಆಟಗಾರನಿಗೆ ಅಂಕ ಸಿಕ್ಕಿತು. ಬೆಡ್ಲಮ್ ಎಂದು ಹೆಸರಾದ ಆ ಪಂದ್ಯ, ಓಕ್ಲಹೋಮಾ ವಿಶ್ವವಿದ್ಯಾಲಯವು ಒಕ್ಕೂಟ ಬದಲಿಸಿದ್ದರಿಂದ, 2024ರ ವೇಳಾಪಟ್ಟಿಯಲ್ಲಿ ಇರಲೇ ಇಲ್ಲ.

ಟಿವಿಯ ಕೋಟ್ಯಂತರ ಡಾಲರ್ ಮುಟ್ಟದ ಲಫಾಯೆಟ್ ಮತ್ತು ಲೀಹೈ 2014ರಲ್ಲಿ ತಮ್ಮ 150ನೇ ಪಂದ್ಯ ಆಡಿದವು. ಕಾಲೇಜು ಫುಟ್‌ಬಾಲಿನಲ್ಲಿ ಬೇರಾವ ಜೋಡಿಯೂ ಇಷ್ಟು ಸಲ ಎದುರಾಗಿಲ್ಲ. ಅಮೆರಿಕದಲ್ಲಿ ಓದುತ್ತಿರುವ ಕನ್ನಡದ ಮಕ್ಕಳು ನವೆಂಬರಿನಲ್ಲಿ ಇಂಥ ಪಂದ್ಯವೊಂದಕ್ಕೆ ಟಿಕೆಟ್ ಸಿಕ್ಕರೆ ತಪ್ಪದೆ ಹೋಗಿ ನೋಡಲಿ.